ಮದ್ದಿನ ಪಂಪಿನ ಮುಚ್ಚಳಕ್ಕೊಂದು ಉರುಟು ಕಣಿ

ಕೊಳೆರೋಗಕ್ಕೆ ಎರಡನೇ ಸಲ ಮದ್ದು ಬಿಡುವ ಹೊತ್ತು. ನಾಲ್ಕು ದಿನ ಕಾದ ಮೇಲೆ ಬಿಸಿಲು ಬಿದ್ದಿತ್ತು. ಮರ ಹತ್ತುವವರು ಬಂದಾಗಿದೆ, ಬೋರ್ಡೋ ದ್ರಾವಣವೂ ತಯಾರು. ಪಂಪ್ ಒತ್ತಿದ್ರೆ ಮುಚ್ಚಳದ ಎಡೆಯಿಂದ ನೀಲಿ ನೀರು ಚಿಮ್ಮಿತು. ಟ್ಯೂಬಿನ ರಬ್ಬರ್ ಕತ್ತರಿಸಿ ವಾಶರ್ ಹಾಕಿದೆ. ಅರ್ಧ ಗಂಟೆಯಲ್ಲಿ ಅದೂ ಹೊರಗೆ ಬಂತು. ದ್ರಾವಣ ಚೆಲ್ಲಿದ್ದಾಯ್ತು. ಮತ್ತೆ ಮಳೆ ಬಿಟ್ಟದ್ದು ಎಂಟು ದಿನ ಕಳೆದು. ಅಷ್ಟರಲ್ಲಿ ಉದುರಿದ ಕಾಯಿ ಹೆಕ್ಕುವ ಕೆಲಸ ಸುರುವಾಗಿತ್ತು.

ಚಪ್ಪಟೆ ವಾಶರನ್ನು ಹಿಡಿದಿಡುವುದು ಬೋಲ್ಟಿನ ಬಿಗಿ ಮಾತ್ರ. ಒತ್ತಡ ಹೆಚ್ಚಾದರೆ ಅದು ಹೊರಗೆ ಜಾರುತ್ತದೆ. ಮುಚ್ಚಳದ ಮುಖದಲ್ಲಿ ಉರುಟು ಕಣಿ ಕೊರೆದು ಓ ರಿಂಗ್ ಕೂರಿಸಿದರೆ ಹಾಗಲ್ಲ. ಒತ್ತಡ ಏರಿದಷ್ಟೂ ರಿಂಗ್ ಕಣಿಯ ಗೋಡೆಗೆ ಒತ್ತಿ ಕೂರುತ್ತದೆ.

ಅಳತೆ ಹೀಗೆ

ಕೈಯಲ್ಲಿ ರಿಂಗ್ ಇಟ್ಟುಕೊಂಡೇ ಲೇತಿನವರಲ್ಲಿಗೆ ಹೋಗಿ. ನನ್ನದು 3 ಮಿ.ಮೀ. ದಪ್ಪದ, ಹೊರ ಅಳತೆ 40 ಮಿ.ಮೀ. ಇರುವ ನೈಟ್ರೈಲ್ ರಿಂಗ್. ಕಣಿಯ ಆಳ 2.3, ಅಗಲ 4 ಮಿ.ಮೀ. ಆಳ ರಿಂಗಿನ ದಪ್ಪದ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು. ರಬ್ಬರು ಚಪ್ಪಟೆಯಾಗುವಾಗ ಅಗಲಕ್ಕೆ ಹರಡುತ್ತದೆ, ಅದಕ್ಕೇ ಅಷ್ಟು ಜಾಗ.

ಒಳಗಿನಿಂದ ಒತ್ತಡ ಬರುವಲ್ಲಿ ಕಣಿಯ ಹೊರಗೋಡೆ ರಿಂಗಿನ ಹೊರ ಅಳತೆಗೆ ಸರಿ ಇರಬೇಕು: ಹೊರಗೆ 40, ಒಳಗೆ 32. ನೀರು ಎಳೆಯುವ ಬದಿಯ ಜೋಡಣೆಯಾದರೆ ಲೆಕ್ಕ ತಿರುಗಿಸಿ, ಒಳಗೋಡೆಗೆ ರಿಂಗ್ ತಾಗಲಿ: ಒಳಗೆ 34, ಹೊರಗೆ 42.

ಬಿಟ್ ಮಸೆಯುವುದರಲ್ಲೇ ಗುಟ್ಟು

ನನ್ನ ಮೊದಲ ಮುಚ್ಚಳ ಹಾಳಾಯಿತು. ರಾಡ್ ತುಂಡು ಮಾಡುವ ಬಿಟ್ಟನ್ನೇ ಮುಖಕ್ಕೆ ಒತ್ತಿದ್ದರು. ಕಣಿಯ ಹೊರಗೋಡೆ ಬಳಸು. ಬಿಟ್ಟಿನ ಬದಿ ನೇರ. ಮೊನೆ ಕೊರೆಯುತ್ತಿರುವಾಗ ಬಿಟ್ಟಿನ ಕೆಳಭಾಗ ಹೊರಗೋಡೆಗೆ ಉಜ್ಜಿ ಗೋಡೆ ಕಿತ್ತುಹೋಯಿತು.

ಆದ್ದರಿಂದ ಹೊರಬದಿಯ ಕೆಳಭಾಗವನ್ನು ಕಣಿಯ ಬಳಸಿಗಿಂತ ಹೆಚ್ಚು ಬಾಗುವಂತೆ ಮಸೆಯಬೇಕು. ಕಣಿ ಸಣ್ಣದಾದಷ್ಟೂ ಹೆಚ್ಚು ಮಸೆಯಬೇಕು. ಒಳಬದಿಗೆ ಸ್ವಲ್ಪ ಎಡೆ ಸಾಕು. ಹಿತ್ತಾಳೆಗಾದರೆ ಬಿಟ್ಟಿನ ಮೇಲ್ಮೈ ಚಪ್ಪಟೆ ಇರಲಿ, ಇಳಿಜಾರಾದರೆ ಅದು ಲೋಹಕ್ಕೆ ಕಚ್ಚಿ ಎಳೆಯುತ್ತದೆ.

ಕೊರೆಯುವ ಕ್ರಮ

1. ರಾಡಿನ ಮುಖ ಸಮ ಮಾಡಿ, ಚಕ್ಕಿನಿಂದ ಬಿಚ್ಚದೆ ಅದೇ ಹಿಡಿತದಲ್ಲಿ ಕಣಿ ಕೊರೆಯಿರಿ. ಮುಚ್ಚಳವನ್ನು ತುಂಡು ಮಾಡುವುದು ಕೊನೆಗೆ.
2. ಬಿಟ್ 2 ಮಿ.ಮೀ. ಅಗಲದ್ದು ಸಾಕು. ಹೊರಗೆ ಚಾಚಿದ ಉದ್ದ ಆದಷ್ಟು ಕಡಿಮೆ ಇರಲಿ, ಮೊನೆ ರಾಡಿನ ನಡುಮಟ್ಟಕ್ಕೆ ಬರಲಿ.
3. ಲೇತನ್ನು ನಿಧಾನಕ್ಕೆ ತಿರುಗಿಸಿ. ನಡುಗುವ ಸದ್ದು ಬಂದರೆ ವೇಗ ಇನ್ನೂ ತಗ್ಗಿಸಿ.
4. ಮೊದಲು ಹೊರ ಅಳತೆಯಲ್ಲಿ ಇಳಿಸಿ, ಮತ್ತೆ ಒಳಕ್ಕೆ ಸರಿಸಿ ಅಗಲ ಮಾಡಿ. ಹೀಗೆ ಮಾಡಿದರೆ ಹೊರಗೋಡೆಗೆ ಬಿಟ್ ಮತ್ತೆ ತಾಗುವುದಿಲ್ಲ.
5. ಆಗಾಗ ಹಿಂದಕ್ಕೆ ಎಳೆದು, ಲೇತ್ ನಿಲ್ಲಿಸಿ, ಪುಡಿಯನ್ನು ಬ್ರಶ್ಶಿನಿಂದ ತೆಗೆಯಿರಿ, ಬೆರಳಿನಿಂದ ಬೇಡ. ಹಿತ್ತಾಳೆ ಚೂರು ಸಿಡಿಯುತ್ತದೆ, ಕನ್ನಡಕ ಬೇಕೇ ಬೇಕು.

ಕಣಿಯ ತಳದಲ್ಲಿ ಸುತ್ತ ಗೀರು ಇದ್ದರೆ ತೊಂದರೆಯಿಲ್ಲ. ಅಡ್ಡ ಗೀರಿದ್ದರೆ ಅದೇ ದಾರಿಯಲ್ಲಿ ಸೋರುತ್ತದೆ. ಅಂಚಿನ ಹರಿತ ತೆಗೆಯಲು ಮರೆಯಬೇಡಿ, ರಿಂಗ್ ಕೊಯ್ದುಹೋದೀತು. ಕಣಿಯಷ್ಟು ಲೋಹ ಹೋಗುವ ಕಾರಣ ಮುಚ್ಚಳ ಹಳೆಯದಕ್ಕಿಂತ ಅಷ್ಟು ದಪ್ಪವೇ ಇರಲಿ. ಬಿಚ್ಚುವ ಮೊದಲು ಪಂಪಿನ ಒತ್ತಡ ಪೂರ್ತಿ ಇಳಿಸಿ.

ಎರಡನೇ ಮುಚ್ಚಳ ಈಗ ಎರಡು ಮಳೆಗಾಲ ದಾಟಿದೆ. ಕೆಲಸ ಮುಗಿದ ಮೇಲೆ ಒಳ್ಳೆ ನೀರು ಹಾಯಿಸಿ ತೊಳೆಯುತ್ತೇನೆ, ಒಂದು ರಿಂಗ್ ಹೆಚ್ಚಿಗೆ ಇಟ್ಟುಕೊಂಡಿದ್ದೇನೆ. ಲೇತಿನ ಕೆಲಸ ಬೇಸಗೆಯಲ್ಲೇ ಮಾಡಿಸಿಕೊಳ್ಳಿ. ಮಳೆ ಬಿಟ್ಟ ದಿನ ಮರದ ಮೇಲೆ ಜನ ಇರಬೇಕು, ನಾವು ಪೇಟೆಯಲ್ಲಿ ಅಲ್ಲ.