ಉಣ್ಣೆಯ ಎಳೆ: ಅಣುರಚನೆ ಮತ್ತು ಗುಣಧರ್ಮ

ದಿನವಿಡೀ ತೊಟ್ಟ ಉಣ್ಣೆಯ ಸ್ವೆಟರಿನ ಮೊಣಕೈ ಭಾಗವು ಹಿಗ್ಗಿ ಜೋತುಬಿದ್ದಿರುತ್ತದೆ. ರಾತ್ರಿ ಬಿಚ್ಚಿಟ್ಟರೆ ಬೆಳಗಾಗುವುದರೊಳಗೆ ಅದು ಬಹುಮಟ್ಟಿಗೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಅದೇ ಸ್ವೆಟರನ್ನು ಬಿಸಿನೀರಿನಲ್ಲಿ ಉಜ್ಜಿ ಒಗೆದರೆ ಕುಗ್ಗಿ, ಮತ್ತೆ ತೊಡಲು ಬಾರದಂತಾಗುತ್ತದೆ. ಈ ಎರಡು ವರ್ತನೆಗಳಿಗೂ ಉಣ್ಣೆಯ ಎಳೆಯ ರಚನೆಯೇ ಕಾರಣ.

ಸುರುಳಿಯಾಕಾರದ ಅಣುಗಳು

ಉಣ್ಣೆಯು ಕೆರಾಟಿನ್ ಎಂಬ ವರ್ಗದ ಪ್ರೋಟೀನುಗಳಿಂದಾದುದು. ಮನುಷ್ಯನ ಕೂದಲು, ಉಗುರುಗಳೂ ಇದೇ ವರ್ಗಕ್ಕೆ ಸೇರಿವೆ. ಇದರಲ್ಲಿ ಅಮೈನೋ ಆಮ್ಲಗಳು ಒಂದಕ್ಕೊಂದು ಕೂಡಿಕೊಂಡು ಉದ್ದನೆಯ ಸರಪಣಿಗಳಾಗಿರುತ್ತವೆ. ಸರಪಣಿಯ ಅನೇಕ ಭಾಗಗಳು ಸ್ಪ್ರಿಂಗಿನಂತೆ ಸುತ್ತಿಕೊಂಡಿರುತ್ತವೆ. ಹಿಗ್ಗಿಸಿದ ಉಣ್ಣೆಯಲ್ಲಿ ಅಣುಗಳ ವಿನ್ಯಾಸವು ಬದಲಾಗುವುದನ್ನು 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ವಿಲಿಯಂ ಆಸ್ಟ್‌ಬರಿ ಎಕ್ಸ್-ಕಿರಣಗಳ ನೆರವಿನಿಂದ ತೋರಿಸಿದರು. 1951ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಮತ್ತು ಅವರ ಸಹೋದ್ಯೋಗಿಗಳು ಸುರುಳಿಯ ನಿಖರ ಸ್ವರೂಪವನ್ನು ವಿವರಿಸಿದರು. ಅದಕ್ಕೆ ಆಲ್ಫಾ ಸುರುಳಿ ಎಂದು ಹೆಸರು.

ಎರಡು ಬಗೆಯ ಬಂಧಗಳು

ಸುರುಳಿಯನ್ನು ಅದರ ಆಕಾರದಲ್ಲಿ ಹಿಡಿದಿಡುವುದು ಜಲಜನಕ ಬಂಧಗಳು. ಇವು ದುರ್ಬಲವಾದವು; ನೀರು ತಗುಲಿದರೆ ಸಡಿಲಗೊಳ್ಳುತ್ತವೆ. ಅಕ್ಕಪಕ್ಕದ ಸರಪಣಿಗಳನ್ನು ಏಣಿಯ ಮೆಟ್ಟಿಲುಗಳಂತೆ ಬೆಸೆಯುವುದು ಗಂಧಕದ ಬಂಧಗಳು. ಇವು ಬಲವಾದವು.

ಎಳೆಯನ್ನು ಸುಮಾರು ಶೇಕಡ 2ರಷ್ಟು ಹಿಗ್ಗಿಸುವವರೆಗೆ ಅದು ಗಟ್ಟಿಯಾಗಿ ಪ್ರತಿರೋಧಿಸುತ್ತದೆ. ಆಮೇಲೆ ಸುರುಳಿಗಳು ಬಿಚ್ಚಿಕೊಳ್ಳತೊಡಗುವುದರಿಂದ, ಅಲ್ಪ ಬಲವನ್ನು ಹೆಚ್ಚಿಸಿದರೂ ಎಳೆಯು ಬಹಳಷ್ಟು ಉದ್ದವಾಗುತ್ತದೆ. ಶೇಕಡ 30ನ್ನು ಮೀರಿದರೆ ಪ್ರತಿರೋಧವು ಮತ್ತೆ ಏರುತ್ತದೆ. ಈ ಮಿತಿಯೊಳಗೆ ಹಿಗ್ಗಿಸಿದ ಒದ್ದೆ ಎಳೆಯನ್ನು ನೀರಿನಲ್ಲಿಯೇ ಬಿಟ್ಟರೆ ಅದು ಮೊದಲಿನ ಉದ್ದಕ್ಕೆ ಮರಳುತ್ತದೆ. ಸರಪಣಿಗಳು ಜಾರಿಹೋಗದಂತೆ ಗಂಧಕದ ಬಂಧಗಳು ತಡೆಯುವುದೇ ಇದಕ್ಕೆ ಕಾರಣ.

ಕುಗ್ಗುವಿಕೆಯ ಕಾರಣ

ಕುಗ್ಗುವಿಕೆಗೆ ಮುಖ್ಯ ಕಾರಣವು ಎಳೆಯ ಹೊರಮೈಯಲ್ಲಿದೆ. ಅಲ್ಲಿ ಹೆಂಚು ಹೊದಿಸಿದಂತೆ ಸೂಕ್ಷ್ಮ ಹುರುಪೆಗಳಿದ್ದು, ಅವುಗಳ ಅಂಚು ಎಳೆಯ ತುದಿಯ ಕಡೆಗೆ ಚಾಚಿರುತ್ತದೆ. ಆದುದರಿಂದ ಉಜ್ಜಿದಾಗ ಎಳೆಯು ಬುಡದ ದಿಕ್ಕಿಗೆ ಮಾತ್ರ ಸುಲಭವಾಗಿ ಸರಿಯುತ್ತದೆ, ಹಿಂದಿರುಗಲಾರದು. ಹೀಗೆ ಎಳೆಗಳು ಪರಸ್ಪರ ಸಿಕ್ಕಿಕೊಂಡು ಬಟ್ಟೆಯು ದಟ್ಟವಾಗುತ್ತದೆ. ಕಾಶ್ಮೀರದ ನಮ್ದಾ ಹಾಸುಗಳನ್ನು ತಯಾರಿಸುವಾಗ ಈ ಗುಣವನ್ನೇ ಬಳಸಿಕೊಳ್ಳಲಾಗುತ್ತದೆ.

ಬಳಕೆಯಲ್ಲಿ ಗಮನಿಸಬೇಕಾದ ಅಂಶಗಳು

ಉಣ್ಣೆಯ ಉಡುಪನ್ನು ತಣ್ಣೀರಿನಲ್ಲಿ ಸೌಮ್ಯ ಸಾಬೂನಿನಿಂದ, ಉಜ್ಜದೆ ಅದುಮಿ ಒಗೆಯಬೇಕು. ವಾಷಿಂಗ್ ಸೋಡಾ ಗಂಧಕದ ಬಂಧಗಳಿಗೆ ಹಾನಿ ಮಾಡುವುದರಿಂದ ಅದನ್ನು ಬಳಸಬಾರದು. ಒದ್ದೆ ಉಡುಪನ್ನು ತೂಗುಹಾಕಿದರೆ ನೀರಿನ ಭಾರಕ್ಕೆ ಜೋತುಬಿದ್ದು, ಒಣಗುವಾಗ ಅದೇ ಆಕಾರದಲ್ಲಿ ನಿಲ್ಲುತ್ತದೆ. ಆದಕಾರಣ ಅದನ್ನು ನೆರಳಿನಲ್ಲಿ ಸಮತಟ್ಟಾಗಿ ಹರಡಿ ಒಣಗಿಸುವುದು ಉತ್ತಮ.