ಲ್ಯಾಪ್ರೊಸ್ಕೋಪಿಯಲ್ಲಿ ರಕ್ತದೊತ್ತಡ ಮತ್ತು ಹೃದಯ ಬಡಿತ

ಕೀಹೋಲ್ ಶಸ್ತ್ರಚಿಕಿತ್ಸೆ ಎಂದೇ ಜನಪ್ರಿಯವಾದ ಲ್ಯಾಪ್ರೊಸ್ಕೋಪಿಯಲ್ಲಿ ಗಾಯ ಚಿಕ್ಕದು. ದೇಹದ ಮೇಲಿನ ಒತ್ತಡ ಚಿಕ್ಕದಲ್ಲ. ಒಳಗೆ ಕೆಲಸಕ್ಕೆ ಜಾಗ ಮಾಡಿಕೊಳ್ಳಲು ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಈ ಅನಿಲವೇ ಏಕೆ? ಅದು ಉರಿಯುವುದಿಲ್ಲ, ರಕ್ತದಲ್ಲಿ ಬೇಗ ಕರಗಿ ಉಸಿರಿನ ಮೂಲಕ ಹೊರಹೋಗುತ್ತದೆ. ಹೊಟ್ಟೆಯೊಳಗಿನ ಒತ್ತಡವನ್ನು ಸಾಮಾನ್ಯವಾಗಿ 12–15 ಮಿ.ಮೀ. ಪಾದರಸದೊಳಗೆ ಇಡಲಾಗುತ್ತದೆ.

ಅನಿಲ ತುಂಬಿದೊಡನೆ ರಕ್ತನಾಳಗಳ ಪ್ರತಿರೋಧ ಹೆಚ್ಚಿ ರಕ್ತದೊತ್ತಡ ಏರುತ್ತದೆ. ಹೃದಯ ಹೊರಹಾಕುವ ರಕ್ತದ ಪ್ರಮಾಣ ಮಾತ್ರ ಕುಗ್ಗಬಹುದು. ರಕ್ತಕ್ಕೆ ಸೇರಿದ ಅನಿಲ ಅನುವೇದನಾ (ಸಿಂಪಥೆಟಿಕ್) ನರವ್ಯೂಹವನ್ನು ಕೆರಳಿಸಿದರೆ ಬಡಿತವೂ ಚುರುಕಾಗುತ್ತದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ತಲೆಭಾಗ ಎತ್ತರಿಸುವುದರಿಂದ ಹೃದಯಕ್ಕೆ ಮರಳುವ ರಕ್ತ ಇನ್ನಷ್ಟು ಕಡಿಮೆಯಾಗುತ್ತದೆ.

ಹಲವರು ತಪ್ಪುವುದು ಇಲ್ಲಿ: ಬಡಿತ ಯಾವಾಗಲೂ ಏರುವುದಿಲ್ಲ. ಹೊಟ್ಟೆಯ ಒಳಪೊರೆ ಥಟ್ಟನೆ ಹಿಗ್ಗಿದಾಗ ವೇಗಸ್ ನರ ಪ್ರಚೋದನೆಗೊಂಡು ಬಡಿತ ಅಪಾಯಕರವಾಗಿ ಕುಸಿಯಬಹುದು. ಆಗ ಅನಿಲ ನಿಲ್ಲಿಸಿ, ಹೊರಬಿಡುವುದೇ ಮೊದಲ ಕ್ರಮ, ಅಗತ್ಯವಿದ್ದರೆ ಅಟ್ರೊಪಿನ್.

ಏರಿದ ರಕ್ತದೊತ್ತಡಕ್ಕೆ ಅರಿವಳಿಕೆಯ ಆಳ ಹೆಚ್ಚಿಸುವುದು, ನೋವುನಿವಾರಕ ಕೊಡುವುದು ಮೊದಲ ದಾರಿ. ಡೆಕ್ಸ್‌ಮೆಡೆಟೊಮಿಡಿನ್, ಕ್ಲೊನಿಡಿನ್ (ಎರಡೂ ಆಲ್ಫಾ-2 ಗ್ರಾಹಕ ಪ್ರಚೋದಕಗಳು), ಎಸ್ಮೊಲಾಲ್ (ಬೀಟಾ ತಡೆಕ), ಮೆಗ್ನೀಸಿಯಂ ಸಲ್ಫೇಟ್ ಸಹ ಬಳಕೆಯಲ್ಲಿವೆ. ರಕ್ತಕ್ಕೆ ಸೇರುವ ಅನಿಲದ ಮೇಲೆ ಕಣ್ಣಿಡಲು ನಿಶ್ವಾಸದ ಕಾರ್ಬನ್ ಡೈಆಕ್ಸೈಡನ್ನು ಅಳೆಯುವ ವಿಧಾನ ಕ್ಯಾಪ್ನೋಗ್ರಫಿ. ಸಾಮಾನ್ಯ ಮಟ್ಟ 35–45 ಮಿ.ಮೀ. ಪಾದರಸ.

ಇತಿಹಾಸ: ಲ್ಯಾಪ್ರೊಸ್ಕೋಪಿಯಿಂದ ಪಿತ್ತಕೋಶವನ್ನು ಮೊದಲು ತೆಗೆದವರು ಜರ್ಮನಿಯ ಎರಿಕ್ ಮ್ಯೂಹೆ, 1985ರಲ್ಲಿ. ಭಾರತದಲ್ಲಿ ಆ ಕೀರ್ತಿ ಮುಂಬೈನ ಡಾ. ತೆಹೆಮ್ಟನ್ ಉದ್ವಾಡಿಯಾ ಅವರದು, 1990ರಲ್ಲಿ.