ಮಗಳಿಗೆ ವಿಶ್ವಸಂಸ್ಥೆಯಲ್ಲಿ ಇಂಟರ್ನ್‌ಶಿಪ್: ಸಂಘದಿಂದ ಸಾಲ ಕೊಡಬಹುದೇ?



ಈ ಸಲದ ಪಾಠಕ್ಕೆ ಕಾರಣ ಒಂದು ಸಂಘದ ವಾರದ ಸಭೆ. ಉಳಿತಾಯ ಕಟ್ಟಿ ಮುಗಿದ ಮೇಲೆ ಸದಸ್ಯೆಯೊಬ್ಬರು ಎದ್ದು ನಿಂತು, "ಸಿಸ್ಟರ್, ಮಗಳಿಗೆ ವಿಶ್ವಸಂಸ್ಥೇಲಿ ಕೆಲಸ ಆಗಿದೆ. ಜಿನೀವಾಕ್ಕೆ ಹೋಗ್ಬೇಕಂತೆ. ಮೊದ್ಲು ನಲವತ್ತು ಸಾವಿರ ಕಟ್ಟಬೇಕಂತೆ, ಸಂಘದಿಂದ ಸಾಲ ಕೊಡಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಿರ್ಣಯ ಪುಸ್ತಕದಲ್ಲಿ ಬರೆಯುವುದೊಂದೇ ಬಾಕಿ. ಒಂದು ವಾರ ತಡೆಯಿರಿ ಎಂದು ಹೇಳಿ ನಾವು ಆ ಹುಡುಗಿಯ ಹತ್ತಿರ ಮಾತಾಡಿದೆವು.

ಹುಡುಗಿ ಬೆಂಗಳೂರಿನಲ್ಲಿ ಡಿಸೈನ್ ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಾಳೆ. ಬಂದದ್ದು ಕೆಲಸವಲ್ಲ, ಇಂಟರ್ನ್‌ಶಿಪ್. ಅಂದರೆ ಓದುವ ಕಾಲದಲ್ಲೋ ಓದು ಮುಗಿದ ಹೊಸದರಲ್ಲೋ ಒಂದು ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದು ಕೆಲಸ ಕಲಿಯುವುದು. ಟೈಲರಿಂಗ್ ಕಲಿತವರು ಅಂಗಡಿಯಲ್ಲಿ ಕೂತು ಕೈ ಪಳಗಿಸಿಕೊಳ್ಳುವ ಹಾಗೆ.

"ಡಿಸೈನ್ ಅಂದ್ರೆ ಸೀರೆ ಮೇಲೆ ಹೂವು ಬಿಡಿಸೋದಲ್ವಾ? ವಿಶ್ವಸಂಸ್ಥೆಗೆ ಅದ್ಯಾಕೆ?" ಎಂದು ಇನ್ನೊಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ನಮ್ಮ ಊರುಗಳ ಕೈಪಂಪನ್ನೇ ನೋಡೋಣ. ಮೊದಲು ಬರುತ್ತಿದ್ದ ಬೀಡುಕಬ್ಬಿಣದ ಪಂಪುಗಳು ಒಂದು ಮನೆಯ ಬಳಕೆಗೆ ಮಾಡಿದಂಥವು. ಇಡೀ ಊರು ಒತ್ತಿದರೆ ಬೇಗ ಮುರಿಯುತ್ತಿದ್ದವು. ಮಹಾರಾಷ್ಟ್ರದ ಜಾಲ್ನಾ, ಸೊಲ್ಲಾಪುರಗಳಲ್ಲಿ ಮಿಷನ್‌ನವರು ಉಕ್ಕಿನ ಗಟ್ಟಿ ಪಂಪು ಮಾಡಿಕೊಂಡಿದ್ದರು. 1970ರ ದಶಕದಲ್ಲಿ ಸರ್ಕಾರ ಮತ್ತು ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ಸೇರಿ ಅದನ್ನೇ ತಿದ್ದಿ 'ಇಂಡಿಯಾ ಮಾರ್ಕ್ 2' ಪಂಪು ಮಾಡಿಸಿದವು. ಅದನ್ನು ರಿಪೇರಿ ಮಾಡಲು ಪೈಪನ್ನೆಲ್ಲಾ ಮೇಲಕ್ಕೆ ಎಳೆಯಬೇಕಿತ್ತು. ಮುಂದೆ ಬಂದ 'ಮಾರ್ಕ್ 3'ರಲ್ಲಿ ಪೈಪು ಕೀಳದೆಯೇ ಒಳಗಿನ ಭಾಗ ಹೊರತೆಗೆಯಬಹುದು. ರಿಪೇರಿ ಊರಿನವರ ಕೈಗೆ ಬಂತು. ಇದು ಡಿಸೈನ್.

ಚಿತ್ರದ ಕೆಲಸವೂ ಉಂಟು. ವಿಶ್ವಸಂಸ್ಥೆಯ ಲಾಂಛನ, ಅದೇ ನೀಲಿ ಬಣ್ಣದ್ದು, 1945ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಸಮ್ಮೇಳನಕ್ಕೆ ಬಂದ ಪ್ರತಿನಿಧಿಗಳ ಎದೆಯ ಬಿಲ್ಲೆಗೆಂದು ಹುಟ್ಟಿದ್ದು. ಬರೆದವರು ಡೊನಾಲ್ ಮೆಕ್‌ಲಾಫ್ಲಿನ್. ನೆರೆ, ಭೂಕಂಪದ ಕೆಲಸ ನೋಡಿಕೊಳ್ಳುವ ವಿಶ್ವಸಂಸ್ಥೆಯ ಕಚೇರಿ 2012ರಲ್ಲಿ ನೀರು, ಡೇರೆ, ಔಷಧಿ ಮುಂತಾದ 500 ಚಿಕ್ಕ ಚಿತ್ರಗಳನ್ನು ಯಾರು ಬೇಕಾದರೂ ಪುಕ್ಕಟೆ ಬಳಸಲಿ ಎಂದು ಹೊರತಂದಿತು. ಓದು ಬಾರದವರಿಗೂ ನೀರು ಎಲ್ಲಿದೆ ಎಂದು ತಿಳಿಯಬೇಕಲ್ಲ. ಡಿಸೈನ್ ಕಲಿಯಲು ಹೋದ ಮಕ್ಕಳಿಗೆ ಸಿಗುವುದು ಇಂಥ ಕೆಲಸ: ವರದಿಯ ಪುಟ ಜೋಡಿಸುವುದು, ಭಿತ್ತಿಪತ್ರ ಮಾಡುವುದು, ಅಂಕಿಸಂಖ್ಯೆಯನ್ನು ಚಿತ್ರವಾಗಿ ತೋರಿಸುವುದು.

ಹಾಗಾದರೆ ಹಣದ ವಿಷಯ? ಸಭೆಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

ವಿಶ್ವಸಂಸ್ಥೆಯ ಸಚಿವಾಲಯ, ಅಂದರೆ ನ್ಯೂಯಾರ್ಕ್, ಜಿನೀವಾದ ಮುಖ್ಯ ಕಚೇರಿಗಳು, ಇಂಟರ್ನ್‌ಗಳಿಗೆ ಸಂಬಳ ಕೊಡುವುದಿಲ್ಲ. ಅವಧಿ ಎರಡರಿಂದ ಆರು ತಿಂಗಳು. ವಿಮಾನದ ಖರ್ಚು, ವೀಸಾ, ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲಾ ಹೋಗುವವರದ್ದೇ. ಮುಗಿದ ಮೇಲೆ ಅಲ್ಲೇ ಕೆಲಸ ಕೊಡುತ್ತೇವೆಂಬ ಮಾತೂ ಇಲ್ಲ. 2015ರಲ್ಲಿ ನ್ಯೂಜಿಲೆಂಡಿನ 22 ವರ್ಷದ ಇಂಟರ್ನ್ ಒಬ್ಬ ಜಿನೀವಾದ ಸರೋವರದ ದಡದಲ್ಲಿ ಡೇರೆ ಹಾಕಿಕೊಂಡು ಮಲಗುತ್ತಿದ್ದದ್ದು ಪತ್ರಿಕೆಗಳಲ್ಲಿ ಬಂತು. ಜನರ ಗಮನಕ್ಕೆ ಬರಲೆಂದೇ ಹಾಗೆ ಮಾಡಿದ್ದೆ ಎಂದು ಆಮೇಲೆ ಅವನೇ ಹೇಳಿದ. ಆದರೂ ಅವನು ಎತ್ತಿದ ಪ್ರಶ್ನೆ ಸುಳ್ಳಲ್ಲ. ಬಡವರ ಪರವಾಗಿ ದುಡಿಯುವ ಸಂಸ್ಥೆಯ ಬಾಗಿಲು ಹಣವಿದ್ದವರ ಮಕ್ಕಳಿಗೇ ಸುಲಭವಾಗಿ ತೆರೆಯುವುದು ನ್ಯಾಯವಲ್ಲ ಎಂದೇ ನಮ್ಮ ಅಭಿಪ್ರಾಯ.

ಎಲ್ಲಾ ಕಡೆ ಹೀಗಿಲ್ಲ. ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಇಂಟರ್ನ್‌ಗಳಿಗೆ ಭತ್ಯೆ ಕೊಡುತ್ತದೆ. ಯುನಿಸೆಫ್ ಕೂಡ ತಿಂಗಳಿನ ಭತ್ಯೆ ಕೊಡುವ ಇಂಟರ್ನ್‌ಶಿಪ್‌ಗಳನ್ನು ಪ್ರಕಟಿಸುತ್ತದೆ. ಅದರ ಭಾರತದ ಕಚೇರಿ ದೆಹಲಿಯಲ್ಲಿದೆ, ಕರ್ನಾಟಕವನ್ನು ನೋಡಿಕೊಳ್ಳುವುದು ಹೈದರಾಬಾದಿನ ಕಚೇರಿ. ಮನೆಯಿಂದಲೇ ಕಂಪ್ಯೂಟರಿನಲ್ಲಿ ಮಾಡುವ ಇಂಟರ್ನ್‌ಶಿಪ್‌ಗಳೂ ಇವೆ. ಭತ್ಯೆ ಉಂಟೋ ಇಲ್ಲವೋ, ಎಲ್ಲಿ ಕೆಲಸ ಎಂಬುದನ್ನು ಆಯಾ ಪ್ರಕಟಣೆಯಲ್ಲೇ ನೋಡಬೇಕು. 2025ರಲ್ಲಿ ವಿಶ್ವಸಂಸ್ಥೆಗೆ ಹಣದ ಮುಗ್ಗಟ್ಟು ಬಂದು ಖರ್ಚು ಕಡಿತ ಮಾಡಿದ್ದರಿಂದ ಹಳೆಯ ಮಾಹಿತಿ ನಂಬಿ ಕೂರಬಾರದು.

ಇನ್ನು ಆ ನಲವತ್ತು ಸಾವಿರ. ವಿಶ್ವಸಂಸ್ಥೆ ಅರ್ಜಿಗಾಗಲಿ, ಸಂದರ್ಶನಕ್ಕಾಗಲಿ, ತರಬೇತಿಗಾಗಲಿ ಒಂದು ರೂಪಾಯಿ ಶುಲ್ಕವನ್ನೂ ಕೇಳುವುದಿಲ್ಲ. ಬ್ಯಾಂಕ್ ಖಾತೆಯ ವಿವರವನ್ನೂ ಕೇಳುವುದಿಲ್ಲ. ಹುಡುಗಿಗೆ ಬಂದ ಪತ್ರದಲ್ಲಿ ನೀಲಿ ಲಾಂಛನ, ಸಹಿ, ಮೊಹರು ಎಲ್ಲಾ ಇತ್ತು. ಕಳಿಸಿದ್ದು ಮಾತ್ರ ಯಾರು ಬೇಕಾದರೂ ತೆರೆಯಬಹುದಾದ ಇ-ಮೇಲ್‌ನಿಂದ. ಅವಳು ಅರ್ಜಿಯನ್ನೇ ಹಾಕಿರಲಿಲ್ಲ! ಒಬ್ಬ ಏಜೆಂಟನಿಗೆ ಫೋಟೋ, ಅಂಕಪಟ್ಟಿ ಕೊಟ್ಟಿದ್ದಳು ಅಷ್ಟೆ. ವಿಶ್ವಸಂಸ್ಥೆಯ ನೇಮಕಾತಿ ವೆಬ್‌ಸೈಟಿನಲ್ಲಿ ಹುಡುಕಿದರೆ ಅಂಥ ಪ್ರಕಟಣೆಯೇ ಇರಲಿಲ್ಲ. ತಾಯಿ ಒಂದು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಊರಿಗೆಲ್ಲಾ ಹೇಳ್ಬಿಟ್ಟಿದ್ದೀನಲ್ಲ ಸಿಸ್ಟರ್" ಎಂದರು. ಇಂಥವರು ನಂಬಿಕೊಂಡಿರುವುದೇ ನಮ್ಮ ಈ ನಾಚಿಕೆಯನ್ನು.

ನಿಜವಾದ ಕರೆ ಬಂದರೂ ಲೆಕ್ಕ ಹಾಕಲೇಬೇಕು. ಜಿನೀವಾ ಬಹಳ ದುಬಾರಿ ಊರು. ಉದಾಹರಣೆಗೆ ಮೂರು ಲಕ್ಷ ಸಾಲ ಎಂದಿಟ್ಟುಕೊಳ್ಳಿ. ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿಯಂತೆ ಬಡ್ಡಿಯೇ ತಿಂಗಳಿಗೆ 4,500, ಆರು ತಿಂಗಳಿಗೆ 27,000. ಹಸು ಕೊಂಡರೆ ಹಾಲಿನ ಡೈರಿಯಿಂದ ಕಂತು ಕಟ್ಟಬಹುದು. ಇಲ್ಲಿ ಆರು ತಿಂಗಳೂ ಮಗಳಿಗೆ ದುಡಿಮೆ ಇಲ್ಲ, ಕಂತು ತಾಯಿಯ ಕೂಲಿಯಿಂದಲೇ ಬರಬೇಕು. ಕಂಪ್ಯೂಟರಿಗೆ ಕೊಟ್ಟ ಸಾಲ ಬೇರೆ; ಅದು ಮನೆಯಲ್ಲಿ ಉಳಿಯುತ್ತದೆ, ಮುಂದೆ ಸಂಪಾದನೆಗೂ ಆಗುತ್ತದೆ.

ಅರ್ಜಿ ಹಾಕಲು ಖರ್ಚಿಲ್ಲವಾದ್ದರಿಂದ ಹಾಕಲಿ. ಸಚಿವಾಲಯದ ಇಂಟರ್ನ್‌ಶಿಪ್‌ಗೆ ಸ್ನಾತಕೋತ್ತರ ಓದುತ್ತಿರಬೇಕು, ಇಲ್ಲವೇ ಪದವಿಯ ಕೊನೆಯ ವರ್ಷದಲ್ಲಿರಬೇಕು, ಓದು ಮುಗಿದಿದ್ದರೆ ಒಂದು ವರ್ಷದೊಳಗೆ ಸೇರಬೇಕು. ಇಂಗ್ಲಿಷ್ ಅಥವಾ ಫ್ರೆಂಚ್ ಚೆನ್ನಾಗಿ ಬರಬೇಕು. ಡಿಸೈನ್ ಕೆಲಸಕ್ಕೆ ಅಂಕಪಟ್ಟಿಗಿಂತ ಮುಖ್ಯವಾದದ್ದು ಪೋರ್ಟ್‌ಫೋಲಿಯೋ, ಅಂದರೆ ತಾನು ಮಾಡಿದ ಕೆಲಸಗಳ ಪುಸ್ತಕ. ಬರೀ ಅಂದದ ಚಿತ್ರವಿದ್ದರೆ ಸಾಲದು. ಏನು ತೊಂದರೆ ಇತ್ತು, ಯಾರನ್ನು ಕೇಳಿದೆ, ಮೊದಲು ಮಾಡಿದ್ದು ಯಾಕೆ ಸರಿಯಾಗಲಿಲ್ಲ ಎಂಬುದೂ ಇರಬೇಕು.

ಆ ಹುಡುಗಿ ತಾಯಿಯ ಸಂಘದ ಉಪ್ಪಿನಕಾಯಿ ಪ್ಯಾಕೆಟ್ಟಿಗೆ ಲೇಬಲ್ ಮಾಡಿಕೊಟ್ಟಿದ್ದಳು. ಮೊದಲನೆಯದರಲ್ಲಿ ಎಣ್ಣೆ ತಾಗಿ ಅಕ್ಷರ ಅಳಿಸಿಹೋಗಿತ್ತು, ಎರಡನೆಯದು ಉಳಿಯಿತು. "ಅದನ್ನೆಲ್ಲಾ ತೋರಿಸ್ತಾರಾ ಸಿಸ್ಟರ್?" ಎಂದು ಕೇಳಿದಳು. ಅಳಿಸಿಹೋದ ಲೇಬಲನ್ನೂ ಸೇರಿಸು ಎಂದೆವು. ಈಗ ತಾನೇ ಎರಡು ಕಡೆ ಅರ್ಜಿ ಹಾಕಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.

ಸಭೆಯಲ್ಲಿ ಚರ್ಚಿಸಿ: ನಿಮ್ಮ ಸಂಘದಲ್ಲಿ ಓದಿಗೆಂದು ಕೊಟ್ಟ ಸಾಲಗಳೆಷ್ಟು? ಅವುಗಳ ಕಂತು ಈಗ ಯಾರ ದುಡಿಮೆಯಿಂದ ಬರುತ್ತಿದೆ?